ಎರಡು ಡೋಸ್ ಆದಮೇಲೂ ಪಾಸಿಟಿವ್ ಬಂದರೆ: ತೀರ್ಥಹಳ್ಳಿಯ ಗೆಳೆಯನಿಗೊಂದು ಪತ್ರ

ಶಿವಮೊಗ್ಗ,
ಜನವರಿ 2022

ಪ್ರೀತಿಯ ಗೆಳೆಯಾ,

ಎರಡು ಡೋಸ್ ಕೋವಿಶೀಲ್ಡ್ ಆದಮೇಲೂ ರಿಪೋರ್ಟ್ ಪಾಸಿಟಿವ್ ಬಂತು, ಹಾಗಾದರೆ ಚುಚ್ಚಿಸಿಕೊಂಡದ್ದು ದಂಡವೇ ಎಂದು ಕೇಳಿದ್ದೀಯ. ದಂಡವಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ಕೊರೊನಾ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದ್ದರೆ ತಪ್ಪು ಅವರದು, ಲಸಿಕೆಯದಲ್ಲ.

ರಟ್ಟೆಗೆ ಹೋದ ಆ ಅರ್ಧ ಎಂ.ಎಲ್. ಮದ್ದಿನಿಂದ ಹುಟ್ಟುವ ಪ್ರತಿಕಾಯಗಳು (ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನುಗಳು) ಹೆಚ್ಚಾಗಿ ಇರುವುದು ರಕ್ತದಲ್ಲಿ. ಮೂಗು, ಗಂಟಲಿನ ಪೊರೆಯಲ್ಲಿ ಕಡಿಮೆ. ವೈರಸ್ ಬಂದು ಕೂರುವುದೋ ಮೊದಲು ಮೂಗಿನಲ್ಲೇ. ತಿಂಗಳು ಕಳೆದಂತೆ ರಕ್ತದಲ್ಲಿರುವುದೂ ಇಳಿಯುತ್ತದೆ. ಅದರ ಮೇಲೆ ಕೊರೊನಾದ ರೂಪಾಂತರಿ ಓಮಿಕ್ರಾನ್, ತನ್ನ ಮೈಮೇಲಿನ ಮುಳ್ಳಿನಂಥ ಪ್ರೋಟೀನಿನಲ್ಲಿ 30ಕ್ಕೂ ಹೆಚ್ಚು ಕಡೆ ಬದಲಾಗಿರುವುದರಿಂದ ಹಳೆಯ ಪ್ರತಿಕಾಯಕ್ಕೆ ಸುಲಭವಾಗಿ ಸಿಗುವುದಿಲ್ಲ. ಹೀಗೆ ನೆಗಡಿ, ಗಂಟಲು ನೋವು, ಜ್ವರ ಬಂದುಬಿಡುತ್ತವೆ. ಆದರೆ ಶ್ವಾಸಕೋಶ ಕೆಡುವುದಕ್ಕೆ ಸಾಮಾನ್ಯವಾಗಿ ಒಂದು ವಾರ ಬೇಕು. ಅಷ್ಟರೊಳಗೆ, ಲಸಿಕೆ ಮೊದಲೇ ಪಾಠ ಹೇಳಿಟ್ಟ ವೈರಸ್ಸಿನ ಗುರುತು ನೆನಪಿಟ್ಟ ಕೋಶಗಳೂ ಸೋಂಕಾದ ಕೋಶಗಳನ್ನು ಕೊಲ್ಲುವ ಟಿ ಕೋಶಗಳೂ ಎದ್ದು ನಿಂತಿರುತ್ತವೆ. ಲಸಿಕೆಯ ಕೆಲಸವನ್ನು ಅಳೆಯಬೇಕಾದದ್ದು ಅಲ್ಲಿ.

'ಆಸ್ಪತ್ರೆಯಲ್ಲಿ ಇರುವವರೆಲ್ಲ ಲಸಿಕೆ ಹಾಕಿಸಿಕೊಂಡವರೇ' ಎಂದೂ ಬರೆದಿದ್ದೀಯ. ಒಂದು ಲೆಕ್ಕ ಮಾಡೋಣ. ಸಾವಿರ ಜನರ ಊರು ಎಂದಿಟ್ಟುಕೋ. 900 ಮಂದಿ ಹಾಕಿಸಿಕೊಂಡಿದ್ದಾರೆ, 100 ಮಂದಿ ಇಲ್ಲ. ಹಾಕಿಸಿಕೊಂಡವರಲ್ಲಿ 18, ಹಾಕಿಸಿಕೊಳ್ಳದವರಲ್ಲಿ 10 ಮಂದಿ ಆಸ್ಪತ್ರೆ ಸೇರಿದರು. ವಾರ್ಡಿನಲ್ಲಿ ಎಣಿಸಿದರೆ ಲಸಿಕೆಯವರೇ ಹೆಚ್ಚು. ಆದರೆ 900ಕ್ಕೆ 18 ಎಂದರೆ ನೂರಕ್ಕೆ 2. ಇತ್ತ ನೂರಕ್ಕೆ 10. ಅಪಾಯ ಐದನೇ ಒಂದು ಪಾಲಿಗೆ ಇಳಿಯಿತು, ಅಂದರೆ ಲಸಿಕೆಯ ಪರಿಣಾಮ ಶೇ. 80. ಊರಿನಲ್ಲಿ ಎಷ್ಟು ಮಂದಿ ಹಾಕಿಸಿಕೊಂಡಿದ್ದಾರೆಂದು ಕೇಳದೆ ವಾರ್ಡಿನ ತಲೆ ಎಣಿಸಿದರೆ ಏನೂ ತಿಳಿಯುವುದಿಲ್ಲ.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಗೆ ಲಸಿಕೆ ಕೊಟ್ಟಾಗಲೂ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ 6ರಿಂದ 9 ತಿಂಗಳಿಗೆ ಬೂಸ್ಟರ್ ಎಂಬ ಕ್ರಮವಿತ್ತು. 2005ರಿಂದ 2010ರವರೆಗಿನ ಅಧ್ಯಯನದಲ್ಲಿ ಎರಡು ಡೋಸಿನವರಿಗೆ ಸುಮಾರು ಶೇ. 62, ಬೂಸ್ಟರೂ ಆದವರಿಗೆ ಸುಮಾರು ಶೇ. 83 ರಕ್ಷಣೆ ಕಂಡಿತ್ತು. ಲಸಿಕೆಯಾದವರಿಗೂ ಕಾಯಿಲೆ ಬಂದದ್ದುಂಟು. ಬೂಸ್ಟರ್ ಬಿಟ್ಟದ್ದರ ಬೆಲೆ ಏನೆಂದು ಆ ಎರಡು ಅಂಕಿಗಳೇ ಹೇಳುತ್ತವೆ.

ಈಗ ಮನೆಯ ವಿಚಾರ. ಲಕ್ಷಣ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕು. 5ರಿಂದ 10ನೇ ದಿನದವರೆಗೆ ಕಣ್ಣಿಟ್ಟಿರು. ಜ್ವರ ಬಿಟ್ಟಿತೆಂದು, ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರನ್ನು ಒಳಗಿಡಬೇಡ. ಐದು ನಿಮಿಷ ಸುಮ್ಮನೆ ಕೂತು ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಸುಮಾರು ಒಂದು ನಿಮಿಷ ಕಾಯಿ. ಈ ಚಳಿಯಲ್ಲಿ ಬೆಳಿಗ್ಗೆ ಬೆರಳು ತಣ್ಣಗಿದ್ದರೆ ಸುಳ್ಳೇ ಕಡಿಮೆ ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ನೋಡು. ಉಗುರಿನ ಬಣ್ಣ, ಮದರಂಗಿಯೂ ತಪ್ಪು ಅಂಕಿ ಕೊಡುತ್ತವೆ. 94ರ ಕೆಳಗೆ ಎರಡು ಸಲ ಬಂದರೆ, ಇಲ್ಲವೇ ಆರು ನಿಮಿಷ ನಡೆದಮೇಲೆ 3-4 ಅಂಕಿ ಇಳಿದರೆ, ಬೆಳಗಾಗಲಿ ಎಂದು ಕಾಯಬೇಡ. ನಿಮ್ಮಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿ.ಮೀ.; ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗು, 108ಕ್ಕೆ ಕರೆ ಮಾಡು.

ಜ್ವರಕ್ಕೆ ಪ್ಯಾರಾಸಿಟಮಾಲ್ 650, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟರೆಂದು ಸ್ಟಿರಾಯ್ಡ್ ಮಾತ್ರ ನುಂಗಬೇಡ, ದಯವಿಟ್ಟು. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಜೀವ ಉಳಿಸುವುದು ಆಕ್ಸಿಜನ್ ಬೇಕಾದವರಿಗೆ. ಆಕ್ಸಿಜನ್ ಸರಿಯಿದ್ದವರಿಗೆ ಅದರಿಂದ ಉಪಕಾರವಿಲ್ಲ, ಕೇಡಾಗಬಹುದು. ಸಕ್ಕರೆ ಕಾಯಿಲೆಯಿರುವ ನಿಮ್ಮ ಅಮ್ಮನಿಗಂತೂ ಸಕ್ಕರೆ ಏರಿಸಿಬಿಡುತ್ತದೆ. ವೈರಸ್ಸಿಗೆ ಆಂಟಿಬಯಾಟಿಕ್ಕಿನಿಂದ ಏನೂ ಆಗದು.

ಇದು ಉಣುಗಿನ ಕಾಲವೂ ಹೌದು. ತರಗೆಲೆ ಗುಡಿಸಲು ಕಾಡಿಗೆ ಹೋದವರಿಗೆ ನೆಗಡಿಯಿಲ್ಲದೆ ಒಮ್ಮೆಲೇ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಕೊರೊನಾ ಎಂದುಕೊಂಡು ಕೂರಬೇಡಿ, ಮಂಗನ ಕಾಯಿಲೆಯೂ ಇರಬಹುದು. ಕಾಡಿಗೆ ಹೋದದ್ದನ್ನೂ ಮಂಗ ಸತ್ತದ್ದು ಕಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ ಪರೀಕ್ಷೆಗೆ ರಕ್ತ ಕೊಡಲಿ. ಅಂಥ ಜ್ವರಕ್ಕೆ ಬ್ರೂಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬೇಡ. ರಕ್ತಸ್ರಾವ ಹೆಚ್ಚುವ ಭಯವಿದೆ.

2022ರ ಜನವರಿಯ ಈ ನಿಯಮದಂತೆ ನೀನು ಏಳು ದಿನ ಬೇರೆ ಕೋಣೆಯಲ್ಲಿರು. ಕೊನೆಯ ಮೂರು ದಿನ ಜ್ವರವಿಲ್ಲದಿದ್ದರೆ ಹೊರಗೆ ಬರಬಹುದು. ಅಡಿಕೆ ಸುಲಿಯುವವರನ್ನು ಒಳಕೋಣೆಯಲ್ಲಿ ಕೂರಿಸಬೇಡಿ, ತೆರೆದ ಜಗಲಿಯಲ್ಲಿ ದೂರ ದೂರ ಕೂರಲಿ. ಅಮ್ಮನಿಗೆ 60 ದಾಟಿದೆ, ಸಕ್ಕರೆಯೂ ಇದೆ. ಎರಡನೇ ಡೋಸಿಗೆ 9 ತಿಂಗಳಾಗಿದ್ದರೆ 2022ರ ಈ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್ ಸಿಗುತ್ತದೆ, ಮೊದಲು ಹಾಕಿದ ಲಸಿಕೆಯದೇ. ಅವರ ಸರ್ಟಿಫಿಕೇಟಿನಲ್ಲಿರುವ ತಾರೀಕು ನೋಡಿ ನನಗೆ ತಿಳಿಸು.

ನಿನ್ನ ಗೆಳೆಯ