ಅಮ್ಮನ ಕಾಲೊರಸಿನ ಕೆಳಗಿನ ಕಪ್ಪು ಹಾಳೆ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟವನ್ನು ನಾನು ಬಿಡದೆ ಓದುತ್ತೇನೆ. ತಕರಾರು ಒಂದೇ. ರೋಬೋಟಿನ ಚರ್ಮ, ಮಡಚುವ ಫೋನು, ಹೀಗೆ ಎಲ್ಲಾ ದೂರದ ಸುದ್ದಿ. ಒತ್ತಿದರೆ ಕರೆಂಟು ಜಾಸ್ತಿ ಬಿಡುವ ವಸ್ತು ಅಂದರೆ ಅದೇನೋ ದೊಡ್ಡ ಲ್ಯಾಬಿನ ಸಂಗತಿ ಎಂದು ಓದಿದವರು ಅಂದುಕೊಳ್ಳುತ್ತಾರೆ. ನಾನು ಮೂವತ್ತು ವರ್ಷ ಈ ಕಾಸರಗೋಡಿನ ಗುಡ್ಡ ಹತ್ತಿ ಇಳಿದು ಟೆಲಿಫೋನ್ ರಿಪೇರಿ ಮಾಡಿದವನು. ಅದು ನಮ್ಮ ಚಾವಡಿಯಲ್ಲೇ ಇತ್ತು ಸ್ವಾಮಿ.

ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಿಂದ ಬರುತ್ತಿದ್ದ ಡಯಲ್ ಫೋನ್ ನೆನಪಿದೆಯಾ? ಮಾತಾಡುವ ಬದಿಯ ಮುಚ್ಚಳ ತಿರುಗಿಸಿ ತೆಗೆದರೆ ಒಂದು ಗುಂಡು ಡಬ್ಬಿ, ಅದರೊಳಗೆ ಕಾರ್ಬನ್ನಿನ ಸಣ್ಣ ಸಣ್ಣ ಹರಳು. ಮಾತಾಡಿದಾಗ ತೆಳ್ಳನೆಯ ತಗಡು ಅದುರಿ ಹರಳುಗಳನ್ನು ಒತ್ತುತ್ತದೆ, ಅವು ಒಂದಕ್ಕೊಂದು ಬಿಗಿಯಾಗಿ ತಾಗಿದಾಗ ಕರೆಂಟು ಜಾಸ್ತಿ ಹರಿಯುತ್ತದೆ, ಸಡಿಲವಾದಾಗ ಕಡಿಮೆ, ಆ ಏರಿಳಿತವೇ ತಂತಿಯಲ್ಲಿ ಮಾತಾಗಿ ಹೋಗುತ್ತಿತ್ತು. ಹರಳು ಒಟ್ಟಿಗೆ ಅಂಟಿಕೊಂಡು ಸ್ವರ ಸಣ್ಣಗಾದರೆ ಜನ ರಿಸೀವರನ್ನು ಗೋಡೆಗೆ ಕುಟ್ಟುತ್ತಿದ್ದರು. ಸಿಟ್ಟಿಗೆ ಕುಟ್ಟಿದ್ದೇ ಇರಬಹುದು, ಆದರೆ ಅದು ಸರಿಯಾದ ರಿಪೇರಿಯೂ ಹೌದು!

ಈಗ ಅದೇ ಕಾರ್ಬನ್ನನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಹಾಳೆ ಮಾಡುತ್ತಾರೆ. ವೆಲೋಸ್ಟ್ಯಾಟ್ ಎಂದು ಹೆಸರು. ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಸ್ಟ್ಯಾಟಿಕ್ ಕರೆಂಟಿನ ಹೊಡೆತ ಬೀಳದ ಹಾಗೆ ಸುತ್ತಿಡಲು ಬಂದದ್ದು, ಒತ್ತಿದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ ಎಂದು ಜನ ಬೇರೆ ಕೆಲಸಕ್ಕೂ ಹಚ್ಚಿದರು. 2000ರಲ್ಲಿ ಬಂದ ವಿಡಿಯೋ ಗೇಮ್ ಯಂತ್ರ ಪ್ಲೇಸ್ಟೇಷನ್ 2ರ ಕಂಟ್ರೋಲರಿನ ಬಟನ್ನಿಗೂ ಮೆಲ್ಲ ಒತ್ತಿದ್ದು ಯಾವುದು, ಜೋರಾಗಿ ಒತ್ತಿದ್ದು ಯಾವುದು ಎಂದು ಗೊತ್ತಾಗುತ್ತಿತ್ತು. ಕಾರಿನ ಮುಂದಿನ ಸೀಟಿನಲ್ಲಿ ದೊಡ್ಡ ಹಲಸಿನ ಹಣ್ಣು ಇಟ್ಟು ನೋಡಿ, ಬೆಲ್ಟ್ ಹಾಕು ಎಂದು ಕಾರು ಕಿರುಚಲು ಶುರು ಮಾಡುತ್ತದೆ. ಸೀಟಿನೊಳಗೂ ಭಾರ ಗುರುತಿಸುವ ಇಂಥದೇ ತೆಳ್ಳನೆಯ ಹಾಳೆ ಇರುತ್ತದೆ.

ನನಗೆ ಇದು ಬೇಕಾದದ್ದು ಅಮ್ಮನಿಗಾಗಿ. ವಯಸ್ಸು 84. ರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗುವ ಹಟ, ಕಳೆದ ಆಟಿ ತಿಂಗಳಲ್ಲಿ ಒಮ್ಮೆ ಬಿದ್ದೂ ಆಯಿತು. ಜನ ಓಡಾಡಿದರೆ ಬಡಿದುಕೊಳ್ಳುವ ರೆಡಿಮೇಡ್ ಅಲಾರಂ ಒಂದು ತಂದೆ. ನಮ್ಮ ಬೆಕ್ಕು ಅದನ್ನು ರಾತ್ರಿಗೆ ಐದು ಸಲ ಬಡಿಸಿತು. ಆಮೇಲೆ ಈ ಕಪ್ಪು ಹಾಳೆ ತರಿಸಿ, ಬೆಂಕಿಪೆಟ್ಟಿಗೆಯಷ್ಟು ಅಗಲದ ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ ಎರಡು ತುಂಡುಗಳ ನಡುವೆ ಇಟ್ಟು, ಎರಡು ಪ್ಲೈವುಡ್ ಹಲಗೆಗಳ ನಾಲ್ಕು ಮೂಲೆಗೆ ಸೇರಿಸಿ, ಮಂಚದ ಪಕ್ಕದ ಕಾಲೊರಸಿನ ಕೆಳಗೆ ಹಾಕಿದೆ. ಮೂರು ಪೆನ್ ಸೆಲ್, ಒಂದು ಬಿ.ಸಿ. 547 ಟ್ರಾನ್ಸಿಸ್ಟರ್, ಒಂದು ಪ್ರಿಸೆಟ್ (ತಿರುಗಿಸಿ ತಡೆ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್), ಒಂದು ಬಜರ್. ಪ್ರಿಸೆಟ್ ತಿರುಗಿಸಿ ಎಷ್ಟು ಭಾರಕ್ಕೆ ಬಡಿಯಬೇಕು ಎಂದು ಹೊಂದಿಸಬಹುದು, ಅದೇ ಇದರ ಗಮ್ಮತ್ತು. ಬೆಕ್ಕು ಕೂತರೆ ಸುಮ್ಮನಿರುತ್ತದೆ, ಅಮ್ಮ ಕಾಲಿಟ್ಟರೆ ನನ್ನ ಕೋಣೆಯಲ್ಲಿ ಬಡಿಯುತ್ತದೆ. ಮೊದಲು ಇಡೀ ಹಾಳೆಯನ್ನೇ ಹಾಸಿ ಕೆಟ್ಟಿದ್ದೆ. ಅಗಲ ಜಾಸ್ತಿಯಾದರೆ ಒತ್ತದೆಯೂ ಕರೆಂಟು ಹರಿದು ಸೆಲ್ಲು ಬೇಗ ಮುಗಿಯುತ್ತದೆ.

ಇದನ್ನು ನೋಡಿದ ಆಚೆಮನೆಯವರು ಅಡಿಕೆ ತೂಗಲು ಒಂದು ಮಾಡಿಕೊಡಿ ಎಂದರು. ಆಗುವುದಿಲ್ಲ! ಒಂದೇ ಭಾರ ಇಟ್ಟರೂ ಹತ್ತು ನಿಮಿಷದ ಮೇಲೆ ಲೆಕ್ಕ ಬೇರೆಯಾಗುತ್ತದೆ, ಭಾರ ತೆಗೆದರೂ ಕೂಡಲೇ ಮೊದಲಿನ ಹಾಗೆ ಆಗುವುದಿಲ್ಲ. ಅಂಗಡಿಯ ತಕ್ಕಡಿಯೊಳಗೆ ಇರುವುದು ಲೋಡ್ ಸೆಲ್, ಅಂದರೆ ಕೂದಲೆಳೆಯಷ್ಟು ಬಾಗುವ ಲೋಹದ ಪಟ್ಟಿ, ಅದರ ಮೇಲೆ ಅಂಟಿಸಿದ, ಆ ಬಾಗುವಿಕೆ ಅಳೆಯುವ ತೆಳ್ಳಗಿನ ಗೇಜು. ಅದರ ದಾರಿಯೇ ಬೇರೆ. ನಮ್ಮ ಹಾಳೆಗೆ ಗೊತ್ತಾಗುವುದು ಕಾಲಿಟ್ಟರಾ ಇಲ್ಲವಾ, ಮೆಲ್ಲವಾ ಜೋರಾ ಎಂಬುದಷ್ಟೇ, ಗ್ರಾಂ ಲೆಕ್ಕ ಅಲ್ಲ. ಆದರೆ ಮನೆಯಲ್ಲಿ ಹೆಚ್ಚಿನ ಕೆಲಸಕ್ಕೆ ಅಷ್ಟು ಸಾಕು, ಅಲ್ವಾ?

ನಮ್ಮ ಜಿಲ್ಲೆಯ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಮಕ್ಕಳು ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡಿನಲ್ಲಿ ಲೈಟು ಮಿನುಗಿಸುವುದು ಕಲಿಯುತ್ತಾರೆ. ಅದಕ್ಕೆ ಈ ಹಾಳೆಯ ಎರಡು ತಂತಿ ಮತ್ತು ಒಂದು ರೆಸಿಸ್ಟರ್ ಸೇರಿಸಿದರೆ ಅವರ ಅಜ್ಜಿಗೂ ಒಂದು ಕಾಲೊರಸು ಆಗುತ್ತದೆ. ಮಾಡುವ ಕ್ರಮವನ್ನು ಕನ್ನಡದಲ್ಲಿ, ಚಿತ್ರ ಸಮೇತ, ನಿಮ್ಮ ಪುಟದ ಒಂದು ಮೂಲೆಯಲ್ಲಿ ಹಾಕುತ್ತೀರಾ? ಚಿತ್ರ ನಾನೇ ಬಿಡಿಸಿ ಕಳಿಸುತ್ತೇನೆ. ಅಕ್ಷರ ಮಾತ್ರ ಅಷ್ಟೊಂದು ಚೆಂದ ಇಲ್ಲ.

– ನಿವೃತ್ತ ಟೆಲಿಫೋನ್ ಮೆಕ್ಯಾನಿಕ್, ಪೆರ್ಲ, ಕಾಸರಗೋಡು ಜಿಲ್ಲೆ