ಕಾರ್ಡ್ ಸಿಕ್ಕ ಮಗುವನ್ನು ಯಾರ ದೋಣಿ ಹತ್ತಿಸಬೇಕು?

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪದತ್ತ ಸ್ಕೂಬಾ ದೋಣಿಗಳು ಮತ್ತೆ ಹೊರಡುವ ಕಾಲ ಬಂದಿದೆ. ರಜೆಗೆ ಇಲ್ಲಿಗೆ ಬರುವ ಮಕ್ಕಳಲ್ಲಿ ಕೆಲವರ ಕೈಯಲ್ಲಿ ಆಗಲೇ ಜೂನಿಯರ್ ಓಪನ್ ವಾಟರ್ ಕಾರ್ಡ್, ಅಂದರೆ ಮಕ್ಕಳು ಸ್ಕೂಬಾದ ಮೊದಲ ಹಂತ ಕಲಿತದ್ದಕ್ಕೆ ಸಿಗುವ ಪ್ರಮಾಣಪತ್ರ, ಇರುತ್ತದೆ. ಪ್ರವಾಸದ ಬರಹಗಳು ದರ ಹೇಳುತ್ತವೆ, ಬಣ್ಣದ ಮೀನು ತೋರಿಸುತ್ತವೆ. ಹೊಸದಾಗಿ ಕಾರ್ಡ್ ಪಡೆದ ಹದಿಹರೆಯದ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಈ ಪತ್ರ.

ನಮ್ಮ ಕರಾವಳಿಯಲ್ಲಿ ಮಾರಾಟವಾಗುವ ಡೈವ್‌ಗಳಲ್ಲಿ ಬಹುಪಾಲು 'ಟ್ರೈ ಡೈವ್'. ಈಜು ಬರದವರನ್ನೂ ತರಬೇತುದಾರ ಸಿಲಿಂಡರಿನ ತಲೆ ಹಿಡಿದು ಕೆಳಗಿಳಿಸುತ್ತಾನೆ, ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬುವುದು ಬಿಡುವುದು ಎಲ್ಲ ಅವನದೇ. ಮೊದಲ ಸಲ ಬರುವವರಿಗೆ ಅದು ಸರಿ. ಆದರೆ ಕಾರ್ಡ್ ಇರುವ ಮಗು ಅದೇ ದೋಣಿ ಹತ್ತಿದರೆ ಎರಡರಲ್ಲಿ ಒಂದು ಆಗುತ್ತದೆ. ಅವನನ್ನೂ ಸಿಲಿಂಡರ್ ಹಿಡಿದೇ ಎಳೆದಾಡುತ್ತಾರೆ, ಕಲಿತದ್ದು ಮರೆಯುತ್ತದೆ. ಇಲ್ಲವೇ 'ಕಾರ್ಡ್ ಇದೆಯಲ್ಲ' ಎಂದು ದೊಡ್ಡವರ ಗುಂಪಿನ ಬಾಲಕ್ಕೆ ಸೇರಿಸುತ್ತಾರೆ. ಎರಡನೆಯದು ಹೆಚ್ಚು ಅಪಾಯ. ಆ ಕಾರ್ಡಿನ ಹಿಂದೆ ಇರುವುದು ಸಾಮಾನ್ಯವಾಗಿ ನಾಲ್ಕೇ ನಾಲ್ಕು ಡೈವ್. ನಿನ್ನೆ ಲೈಸೆನ್ಸ್ ಪಡೆದವನಿಗೆ ಇವತ್ತು ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಕೊಟ್ಟ ಹಾಗೆ.

ಸ್ಕೂಬಾ ತರಬೇತಿಯ ಕಾರ್ಡ್ ಕೊಡುವ ಪಾಡಿ (PADI) ಸಂಸ್ಥೆಯ ನಿಯಮದಂತೆ 10–11 ವರ್ಷದವರು ಅಪ್ಪ ಅಮ್ಮ, ಪೋಷಕರು ಅಥವಾ ವೃತ್ತಿಪರ ಡೈವರ್ ಜೊತೆಗೆ 12 ಮೀಟರ್ ಒಳಗೆ ಮಾತ್ರ ಇಳಿಯಬೇಕು. ಆ ಅಪ್ಪ ಅಮ್ಮನಿಗೂ ಕಾರ್ಡ್ ಇರಬೇಕು. 12ರಿಂದ 14ರವರಿಗೆ ಮಿತಿ 18 ಮೀಟರ್, ಜೊತೆಗೆ ಕಾರ್ಡ್ ಇರುವ ವಯಸ್ಕರು ಬೇಕು. 15ಕ್ಕೆ ಸಾಮಾನ್ಯ ಕಾರ್ಡ್ ಪಡೆಯಬಹುದು. ಇದನ್ನು ನೀವಾಗಿ ಹೇಳಬೇಡಿ. ಫೋನಿನಲ್ಲಿ 'ಮಗನಿಗೆ 13 ವರ್ಷ, ಕಾರ್ಡ್ ಇದೆ, ಎಷ್ಟು ಆಳಕ್ಕೆ ಕರೆದೊಯ್ಯುತ್ತೀರಿ, ನೀರಿನಲ್ಲಿ ಅವನ ಜೊತೆಗಾರ ಯಾರು?' ಎಂದಷ್ಟೇ ಕೇಳಿ. ಒಳ್ಳೆಯವರು ಮರುಪ್ರಶ್ನೆ ಹಾಕುತ್ತಾರೆ: ಕೊನೆಯ ಡೈವ್ ಯಾವಾಗ, ಎಷ್ಟು ಆಗಿವೆ, ಆಸ್ತಮಾ ಇದೆಯೇ, ಕಿವಿಯ ಆಪರೇಷನ್ ಆಗಿದೆಯೇ, ಎತ್ತರ ತೂಕ ಎಷ್ಟು. 'ಬನ್ನಿ ಸರ್, ನೋಡಿಕೊಳ್ಳುತ್ತೇವೆ' ಎಂಬ ಉತ್ತರ ಬಂದರೆ ಮುಂದಿನ ನಂಬರಿಗೆ ಹೋಗಿ. ದೋಣಿಗೆ ಅಂಟಿಸಿದ ಲೋಗೊ ಸಾಕ್ಷಿಯಲ್ಲ. ಕೇಂದ್ರದ ಹೆಸರನ್ನೂ ತರಬೇತುದಾರನ ಸದಸ್ಯತ್ವ ಸಂಖ್ಯೆಯನ್ನೂ ಸಂಸ್ಥೆಯ ಜಾಲತಾಣದಲ್ಲಿ ನೋಡಬಹುದು.

ಒಬ್ಬ ಮಾರ್ಗದರ್ಶಕನ ಜೊತೆ ಹೆಚ್ಚೆಂದರೆ ನಾಲ್ವರು. ಹೊಸ ಮಗು ಇದ್ದರೆ ಇಬ್ಬರೇ ಸಾಕು ಎಂಬುದು ನಮ್ಮ ಅಭಿಪ್ರಾಯ, ದುಡ್ಡು ಹೆಚ್ಚಾದರೂ ಸರಿ. ಮೊದಲ ಎಂಟು ಹತ್ತು ಡೈವ್ 12 ಮೀಟರ್ ದಾಟುವ ಅಗತ್ಯವೂ ಇಲ್ಲ. ಬೆಳಕು, ಮೀನು ಎರಡೂ ಅಲ್ಲೇ ಹೆಚ್ಚು.

ಇನ್ನು ಸಲಕರಣೆ. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಕೆಳಗಿಳಿಯಲು ಕಟ್ಟಿಕೊಳ್ಳುವ ಸೀಸದ ತೂಕದಲ್ಲಿ. ಬೆಂಗಳೂರಿನ ಈಜುಕೊಳದಲ್ಲಿ ಕಲಿತ ಮಗುವಿಗೆ ಸಮುದ್ರದಲ್ಲಿ ಒಂದೂವರೆ ಎರಡು ಕೆ.ಜಿ. ಹೆಚ್ಚು ಬೇಕು, ಏಕೆಂದರೆ ಉಪ್ಪುನೀರು ಸುಮಾರು ಶೇ 2.5ರಷ್ಟು ಸಾಂದ್ರ. ಆದರೆ ಬೇಗ ಮುಳುಗಲಿ ಎಂದು ಕೆಲವರು ಕೈಗೆ ಸಿಕ್ಕಷ್ಟು ಕಟ್ಟಿಬಿಡುತ್ತಾರೆ. ಆಗ ಮಗು ಮುಳುಗದಿರಲು ತೇಲಿಸುವ ಆ ಜಾಕೆಟ್ಟಿಗೆ (ಬಿಸಿಡಿ) ಗಾಳಿ ತುಂಬುತ್ತಲೇ ಇರುತ್ತದೆ. ಮೇಲೇರುವಾಗ ಆ ಗಾಳಿ ಹಿಗ್ಗುತ್ತದೆ, 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ, ಮಗು ಬೆಂಡಿನಂತೆ ಚಿಮ್ಮುತ್ತದೆ. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶಕ್ಕೆ ಪೆಟ್ಟಾಗಲು ಒಂದೆರಡು ಮೀಟರಿನ ಏರಿಕೆಯೂ ಸಾಕು. ತೂಕ ಕಡಿಮೆಯಾದರೂ ತೊಂದರೆಯೇ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯುವಷ್ಟರಲ್ಲಿ ಎರಡು ಕೆ.ಜಿ. ಗಾಳಿ ಖರ್ಚಾಗಿ ಸಿಲಿಂಡರ್ ಹಗುರಾಗಿರುತ್ತದೆ, ಮೇಲೇರುವಾಗ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದಾಗ ನಿಲ್ಲಲಾಗುವುದಿಲ್ಲ. ಆದ್ದರಿಂದ ಇಳಿಯುವ ಮುನ್ನ ನೀರಿನಲ್ಲೇ ತೂಕ ಪರೀಕ್ಷೆ ಮಾಡಿಸುತ್ತಾರೆಯೇ ಕೇಳಿ. ಜಾಕೆಟ್ ಖಾಲಿ ಮಾಡಿ ಅರ್ಧ ಉಸಿರೆಳೆದು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಿದರೆ ಆ ಎರಡು ಕೆ.ಜಿ.ಯನ್ನು ಸೇರಿಸಿಕೊಳ್ಳಬೇಕು.

ಜಾಕೆಟ್ ಮಗುವಿನ ಅಳತೆಯದಾಗಿರಲಿ. ಪೂರ್ತಿ ಗಾಳಿ ತುಂಬಿ ಭುಜದ ಪಟ್ಟಿ ಹಿಡಿದು ಮೇಲೆಳೆದಾಗ ಕಿವಿಯವರೆಗೆ ಏರಿದರೆ ಅದು ದೊಡ್ಡದು. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದರೆ ಅಂಟಿ ನಿಲ್ಲಬೇಕು. ಆಳ, ಸಮಯ ಲೆಕ್ಕ ಹಾಕುವ ಡೈವ್ ಕಂಪ್ಯೂಟರ್ ಮಗುವಿನ ಕೈಯಲ್ಲೇ ಇರಬೇಕು. ಮಾರ್ಗದರ್ಶಕನ ಕಂಪ್ಯೂಟರ್ ಅವನಿದ್ದ ಆಳವನ್ನು ಲೆಕ್ಕ ಹಾಕುತ್ತದೆಯೇ ಹೊರತು ಮಗು ಇದ್ದ ಆಳವನ್ನಲ್ಲ.

ಎಲ್ಲವನ್ನೂ ಸಿಬ್ಬಂದಿಯೇ ಜೋಡಿಸಿ ಬೆನ್ನಿಗೇರಿಸುವುದನ್ನು ಕೆಲವೆಡೆ ಉಪಚಾರ ಎಂದುಕೊಂಡಿದ್ದಾರೆ. ಹೊಸ ಡೈವರ್‌ಗೆ ಅದು ಉಪಚಾರವಲ್ಲ. ಮಗುವೇ ಜೋಡಿಸಲಿ, ಸಿಬ್ಬಂದಿ ನೋಡಲಿ. ಸಿಲಿಂಡರಿನ ವಾಲ್ವ್ ಅರೆಬರೆ ತೆರೆದಿದ್ದರೆ ದೋಣಿಯಲ್ಲಿ ಉಸಿರು ಸಲೀಸಾಗಿಯೇ ಬರುತ್ತದೆ, ಆಳದಲ್ಲಿ ಸಾಲುವುದಿಲ್ಲ. ಒತ್ತಡದ ಮಾಪಕ ನೋಡುತ್ತಾ ನಾಲ್ಕು ಸಲ ಜೋರಾಗಿ ಉಸಿರೆಳೆದಾಗ ಮುಳ್ಳು ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲವೆಂದೇ ಅರ್ಥ. ಆ ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆ ಇದ್ದರೆ ಸಿಲಿಂಡರ್ ವಾಪಸ್ ಕೊಡಿ. ಕಂಪ್ರೆಸರ್ ಇಂಜಿನ್ ಹೊಗೆಯನ್ನು ಎಳೆದುಕೊಂಡಿರಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಹಾಗಾಗಿ ಫಿಲ್ಟರ್ ಯಾವಾಗ ಬದಲಿಸಿದರು ಎಂದೂ ಕೇಳಿ.

ಗಾಬರಿಯಲ್ಲಿ ಹೊಸಬರು ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುವುದು ಸಾಮಾನ್ಯ. 12 ಮೀಟರಿನಲ್ಲಿ ಒತ್ತಡ 2.2 ಪಟ್ಟು, ಅಂದರೆ 44 ಲೀಟರ್. ಅದೇ 11 ಲೀಟರಿನ ಸಿಲಿಂಡರಿನಲ್ಲಿ 50 ಬಾರ್ ಉಳಿಸಿಕೊಂಡರೆ ಬಳಸಲು ಸಿಗುವುದು ಸುಮಾರು 1,650 ಲೀಟರ್, 37 ನಿಮಿಷಕ್ಕೆ ಮುಗಿಯುತ್ತದೆ. 'ಎಲ್ಲರಿಗೂ 50 ನಿಮಿಷ' ಎಂದು ಹೇಳುವವರು ಮಗುವಿನ ಗಾಳಿ ಮುಗಿದಾಗ ಏನು ಮಾಡುತ್ತಾರೆ? ಗುಂಪೆಲ್ಲ ಮೇಲೇರುತ್ತದೆಯೇ, ಇನ್ನೊಬ್ಬ ಮಾರ್ಗದರ್ಶಕ ಜೊತೆಗೆ ಬರುತ್ತಾನೆಯೇ? ಮಗುವನ್ನು ಒಂಟಿಯಾಗಿ ಮೇಲಕ್ಕೆ ಕಳಿಸುವ ದೋಣಿ ಬೇಡವೇ ಬೇಡ.

ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ. ಅಲ್ಲಿ ಇಳಿಯಲು ಮರಳ ದಂಡೆಯಿಲ್ಲ, ದೋಣಿಯಿಂದಲೇ ಹಾರಬೇಕು, ಏಣಿಯಲ್ಲೇ ಹತ್ತಬೇಕು. ವಾಪಸಾಗಲು ಒಂದು ಒಂದೂವರೆ ಗಂಟೆ. ಏನಾದರೂ ಅನಾಹುತವಾದರೆ ದಡ ಸೇರುವವರೆಗೂ ಆಕ್ಸಿಜನ್ ಕೊಡಬೇಕಾಗುತ್ತದೆ. ಆದ್ದರಿಂದ 'ದೋಣಿಯಲ್ಲಿ ಆಕ್ಸಿಜನ್ ಇದೆಯೇ' ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. ಎಷ್ಟು ಲೀಟರ್ ಎಂದು ಕೇಳಿ. ನಿಮಿಷಕ್ಕೆ 15 ಲೀಟರಿನಂತೆ ಒಂದೂವರೆ ಗಂಟೆಗೆ 1,350 ಲೀಟರ್ ಬೇಕು. ಕೈಯಲ್ಲಿ ಹಿಡಿಯುವ 400 ಲೀಟರಿನ ಸಣ್ಣ ಸಿಲಿಂಡರ್ ಅರ್ಧ ಗಂಟೆಗೂ ಬರುವುದಿಲ್ಲ. ಎಲ್ಲರೂ ನೀರಿಗಿಳಿದಾಗ ಅದನ್ನು ಬಳಸಬಲ್ಲವರು ದೋಣಿಯಲ್ಲಿ ಯಾರಿರುತ್ತಾರೆ ಎಂಬುದೂ ಗೊತ್ತಿರಲಿ.

ಬೆಂಗಳೂರಿನವರು ಗಮನಿಸದ ಒಂದು ಸಂಗತಿ ಘಾಟಿ. ಡೈವ್ ನಂತರ ವಿಮಾನ ಹತ್ತಬಾರದೆಂದು ಎಲ್ಲರಿಗೂ ಗೊತ್ತು: ಒಂದೇ ಡೈವ್ ಆದರೆ 12 ಗಂಟೆ, ಹೆಚ್ಚಾದರೆ 18 ಗಂಟೆ. ಆ ಸಲಹೆ ಅನ್ವಯಿಸುವುದು 600 ಮೀಟರಿಗಿಂತ ಮೇಲಿನ ಎತ್ತರಕ್ಕೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಮಧ್ಯಾಹ್ನ ಎರಡನೇ ಡೈವ್ ಮುಗಿಸಿ ಅದೇ ಸಂಜೆ ರಾತ್ರಿ ಬಸ್ಸು ಹಿಡಿದರೆ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗುವ ಮುನ್ನವೇ ಗಾಳಿಯ ಒತ್ತಡ ಇಳಿಯುತ್ತದೆ, ಅದು ಮೈಯೊಳಗೆ ಗುಳ್ಳೆಗಟ್ಟಬಹುದು. ಒಂದು ರಾತ್ರಿ ಕರಾವಳಿಯಲ್ಲೇ ಉಳಿಯಿರಿ. ಬಸ್ಸಿನ ಸಮಯ ಕೇಳಿಯೂ ಈ ಮಾತೆತ್ತದ ಕೇಂದ್ರ ಬೇರೆ ವಿಷಯಗಳಲ್ಲೂ ಅಷ್ಟೇ ಇರುತ್ತದೆ.

ಹಣ ಕಟ್ಟುವ ಮುನ್ನ ಕೊನೆಯ ಪ್ರಶ್ನೆ: ಸಮುದ್ರ ಕೆಟ್ಟಿದ್ದರೆ, ಮಗುವಿಗೆ ನೆಗಡಿಯಾದರೆ, ದೋಣಿಯಲ್ಲಿ ಕುಳಿತ ಮೇಲೆ ಬೇಡ ಅನ್ನಿಸಿದರೆ ದುಡ್ಡು ವಾಪಸ್ ಕೊಡುತ್ತೀರಾ, ಇಲ್ಲವೇ ದಿನ ಬದಲಿಸಿ ಕೊಡುತ್ತೀರಾ? ಕೊಡದ ಕಡೆ ಮಗುವಿಗೆ 'ಬೇಡ' ಎನ್ನಲು ಬಾಯಿ ಬರುವುದಿಲ್ಲ, ಅಪ್ಪನ ದುಡ್ಡು ದಂಡವಾಗುತ್ತದೆ ಎಂದು ಇಳಿದುಬಿಡುತ್ತಾನೆ. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ 'ಭೇಷ್' ಎಂದಲ್ಲ, 'ಮೇಲೆ ಹೋಗೋಣ' ಎಂದು. ಕಾರಣ ಕೇಳದೆ ಅದನ್ನು ಒಪ್ಪುತ್ತೇವೆಂದು ಮಾರ್ಗದರ್ಶಕ ಮಗುವಿನ ಎದುರಿಗೇ, ಹೊರಡುವ ಮುನ್ನ ಹೇಳಬೇಕು.

– ಇಬ್ಬರು ಸ್ಕೂಬಾ ತರಬೇತುದಾರರು, ಉತ್ತರ ಕನ್ನಡ