ಸ್ನಾನಘಟ್ಟದ ಗೃಹರಕ್ಷಕರಿಗೆ ಹಗ್ಗ ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾಯಿತೆಂದರೆ ಕುಕ್ಕೆಯ ಕುಮಾರಧಾರಾ ಸ್ನಾನಘಟ್ಟ, ಉಪ್ಪಿನಂಗಡಿಯ ಸಂಗಮ, ಪಣಂಬೂರು, ಸೋಮೇಶ್ವರದ ಕಡಲತೀರಗಳಲ್ಲಿ ಖಾಕಿ ತೊಟ್ಟ ಗೃಹರಕ್ಷಕರು (ಹೋಮ್ ಗಾರ್ಡ್‌ಗಳು) ಕಾಣಸಿಗುತ್ತಾರೆ. ಬಂದವರು ಅವರನ್ನು ಪೊಲೀಸರೆಂದೇ ತಿಳಿಯುತ್ತಾರೆ. ಕೈಯಲ್ಲೊಂದು ಲಾಠಿ, ಕೊರಳಲ್ಲೊಂದು ಸೀಟಿ. ನೀರಿಗಿಳಿಯುವವರನ್ನು ಗದರಿಸಿ ಹಿಂದೆ ಕಳಿಸಲು ಅಷ್ಟು ಸಾಕು. ಕೊಚ್ಚಿಹೋಗುತ್ತಿರುವವರನ್ನು ದಡಕ್ಕೆಳೆಯಲು ಬೇಕಾದದ್ದು ಹಗ್ಗ. ಅದೇ ಎಷ್ಟೋ ಸಲ ಮೈಲು ದೂರದ ಗೋದಾಮಿನಲ್ಲಿರುತ್ತದೆ, ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ.

ಪಶ್ಚಿಮ ಘಟ್ಟದ ನದಿಗಳ ಸ್ವಭಾವ ಬಲ್ಲವರಿಗೆ ಇದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. ಸ್ನಾನಘಟ್ಟದಲ್ಲಿ ಬಿಸಿಲು ಕಾಯುತ್ತಿದ್ದರೂ ಮೇಲೆ ಪುಷ್ಪಗಿರಿ ಕಡೆ ಮಳೆ ಸುರಿದಿದ್ದರೆ ನೀರು ನೋಡನೋಡುತ್ತ ಏರುತ್ತದೆ. ಏರುವ ಮೊದಲು ಸೂಚನೆಯನ್ನೂ ಕೊಡುತ್ತದೆ: ತಿಳಿನೀರು ಕೆಂಪಾಗುತ್ತದೆ, ತರಗೆಲೆ, ಕಡ್ಡಿಕಸ ತೇಲಿಬರುತ್ತದೆ, ಹರಿವಿನ ಸದ್ದು ದಪ್ಪವಾಗುತ್ತದೆ. ಇದನ್ನು ಗಮನಿಸುವುದಕ್ಕೆಂದೇ ಒಬ್ಬರು ಮೇಲ್ಹರಿವಿನಲ್ಲಿ ನಿಲ್ಲಬೇಕು. ಮೆಟ್ಟಿಲುಗಳ ಮೇಲೆ ಒಂದೊಂದು ಅಡಿಗೆ ಬಣ್ಣದ ಗೆರೆ ಎಳೆದು, ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆದಿಡಬೇಕು. ಪಾಳಿ ಬದಲಾಗುವಾಗ ಬರುವವರಿಗೆ ಸಿಗಬೇಕಾದ ಮೊದಲ ಮಾಹಿತಿ ಇದು. 1923ರ ‘ಮಾರಿ ಬೊಳ್ಳ’ ಎಂಬ ಮಹಾ ನೆರೆ, 1974ರ ನೆರೆಯ ಮಾತು ಇಂದಿಗೂ ನಡೆಯುವ ಊರುಗಳಲ್ಲಿ ಒಂದು ಡಬ್ಬಿ ಬಣ್ಣಕ್ಕೆ ಬರಗಾಲ ಬರಬಾರದು.

ಇನ್ನು ಹಗ್ಗ. ಎಸೆಯಲು ಬೇಕಾದದ್ದು 15ರಿಂದ 20 ಮೀಟರ್ ಉದ್ದದ, ನೀರಿನಲ್ಲಿ ತೇಲುವ ಪಾಲಿಪ್ರೊಪಿಲೀನ್ ಹಗ್ಗ, ಅದನ್ನು ತುಂಬಿಡಲು ಒಂದು ಚೀಲ. ನೈಲಾನ್ ಗಟ್ಟಿಯೇನೋ ಹೌದು, ಆದರೆ ಮುಳುಗುತ್ತದೆ. ಮುಳುಗಿದ ಹಗ್ಗ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ತೆಂಗಿನ ನಾರಿನ ಹಗ್ಗ ನೆನೆದರೆ ಎಸೆಯಲಾರದಷ್ಟು ಭಾರ. ಚೀಲಕ್ಕೆ ತುಂಬುವಾಗ ಮೊಣಕೈಗೆ ಸುತ್ತಿ ಸಿಂಬಿ ಮಾಡಿ ಇಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಎಸೆದಾಗ ಅದು ಗಂಟಾಗಿ ಅರ್ಧದಲ್ಲೇ ಬೀಳುತ್ತದೆ. ಸುತ್ತದೆ, ಹಿಡಿಹಿಡಿಯಾಗಿ ಚೀಲದೊಳಕ್ಕೆ ತುರುಕುತ್ತ ಹೋಗಬೇಕು. ಬಳಸಿದ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಬಿಟ್ಟರೆ ಈ ಬಗೆಯ ಹಗ್ಗ ಎರಡು ಮೂರು ಹಂಗಾಮಿನಲ್ಲಿ ನುಸಿಯಾಗುತ್ತದೆ. ಉಜ್ಜಿದರೆ ಕೈಗೆ ಹುಡಿ ಅಂಟಿತೋ, ಅದು ಬಟ್ಟೆ ಒಣಹಾಕುವುದಕ್ಕೆ ಮಾತ್ರ.

ಎಸೆಯುವವರು ಚೀಲದ ಬಾಯಿ ಸಡಿಲಿಸಿ, ಹಗ್ಗದ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ‘ಹಗ್ಗ!’ ಎಂದು ಕೂಗಿ, ಮುಳುಗುತ್ತಿರುವವರ ಹೆಗಲು ದಾಟುವಂತೆ ಚೀಲ ಎಸೆಯಬೇಕು. ಕೈಗೇ ಗುರಿಯಿಟ್ಟರೆ ಸಾಮಾನ್ಯವಾಗಿ ಮುಂದೆಯೇ ಬಿದ್ದು ಹೊಳೆಯ ಪಾಲಾಗುತ್ತದೆ. ತುದಿಯನ್ನು ಸೊಂಟಕ್ಕೋ ಮಣಿಕಟ್ಟಿಗೋ ಕಟ್ಟಿಕೊಳ್ಳಬಾರದು, ಕಟ್ಟಿಕೊಂಡರೆ ಹೊಳೆಗೆ ಇನ್ನೊಬ್ಬರು ಸಿಕ್ಕಂತೆ. ಹಗ್ಗ ಸಿಕ್ಕಿದವರು ಬೆನ್ನ ಮೇಲೆ ಮಲಗಿ ಅದನ್ನು ಎದೆಗೆ ಅವಚಿಕೊಂಡರೆ, ದಡದವರು ಕುಳಿತು ಕಾಲೂರಿ ಹಿಡಿದುಕೊಂಡಿದ್ದರೆ ಸಾಕು, ಹರಿವೇ ಅವರನ್ನು ದಡದ ಕಡೆಗೆ ತೂಗಿಬಿಡುತ್ತದೆ. ಹರಿವಿಗೆದುರಾಗಿ ಎಳೆದರೆ ಮುಖ ನೀರಿನೊಳಗೆ ಹೋಗುತ್ತದೆ. ಮೊದಲ ಎಸೆತ ತಪ್ಪಿದರೆ ಚೀಲ ಮತ್ತೆ ತುಂಬಲು ಸಮಯವಿಲ್ಲ. ಹೀಗಾಗಿ ಇಪ್ಪತ್ತು ಹೆಜ್ಜೆ ಕೆಳಗೆ ಇನ್ನೊಂದು ಚೀಲ ಹಿಡಿದ ಇನ್ನೊಬ್ಬರು ಇರಲೇಬೇಕು. ಲೆಕ್ಕ ಹಾಕಿ: ಒಂದು ಸ್ನಾನಘಟ್ಟಕ್ಕೆ ಮೇಲೊಬ್ಬರು, ಕೆಳಗಿಬ್ಬರು, ಒಟ್ಟು ಮೂವರು. ಒಬ್ಬರನ್ನೇ ನಿಲ್ಲಿಸುವುದು ಹಾಜರಿ ಪುಸ್ತಕಕ್ಕೆ ಮಾತ್ರ ಪ್ರಯೋಜನ. ಸೀಟಿಗೂ ಒಂದು ಭಾಷೆ ಬೇಕು. ಒಂದು ಊದು ಎಂದರೆ ‘ಇತ್ತ ನೋಡಿ’, ಎರಡು ‘ಮೇಲ್ಹರಿವು’, ಮೂರು ‘ಕೆಳಹರಿವು’. ಮೂರನ್ನೇ ಮತ್ತೆ ಮತ್ತೆ ಊದಿದರೆ ‘ಅಪಾಯ, ಬನ್ನಿ’. ಸ್ನಾನಕ್ಕಿಳಿದವರನ್ನು ಓಡಿಸಲೂ ಅದೇ ಸೀಟಿ ಊದುತ್ತಿದ್ದರೆ ನಿಜವಾದ ಅಪಾಯದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಗದರಿಸಲು ಧ್ವನಿವರ್ಧಕವಿರಲಿ.

ಚೀಲ ಬರುವವರೆಗೆ ಕಾಯಬೇಕಿಲ್ಲ. ಐದು ಲೀಟರಿನ ಖಾಲಿ ಕ್ಯಾನಿಗೆ ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿದು, ಹಿಡಿಕೆಗೆ ಹಗ್ಗ ಕಟ್ಟಿದರೆ ಒಳ್ಳೆಯ ತೇಲುಬುರುಡೆ. ಆ ಲೋಟ ನೀರಿಲ್ಲದಿದ್ದರೆ ಗಾಳಿಗೆ ಹಾರುತ್ತದೆ.

ಲೈಫ್ ಜಾಕೆಟ್ ಇರುವಲ್ಲಿಯೂ ತೊಂದರೆಯಿದೆ. ರಾತ್ರಿ ಪಾಳಿಯಲ್ಲಿ ಅದು ದಿಂಬು, ಹಗಲು ಕೂರುವ ಮೆತ್ತೆ. ಒಳಗಿನ ಫೋಮ್ ಚಪ್ಪಟೆಯಾದರೆ ತೇಲುವ ಶಕ್ತಿ ಹೋಯಿತು. ತೊಟ್ಟ ಮೇಲೆ ಇನ್ನೊಬ್ಬರು ಹೆಗಲ ಪಟ್ಟಿ ಹಿಡಿದು ಮೇಲೆತ್ತಿ ನೋಡಲಿ. ಜಾಕೆಟ್ ಗಲ್ಲದವರೆಗೆ ಏರಿದರೆ ಪಟ್ಟಿ ಬಿಗಿಯಿಲ್ಲ ಎಂದರ್ಥ. ಮಳೆಗೆಂದು ಕೊಡುವ ಗಂಬೂಟು ರಸ್ತೆಗೆ ಸರಿ, ನೀರಿನಂಚಿಗೆ ಸಲ್ಲದು. ಒಳಗೆ ನೀರು ತುಂಬಿದರೆ ಕಾಲೆತ್ತಲಾಗದು.

ರಕ್ಷಣಾ ದೋಣಿಯ ಎಂಜಿನ್ ಕೈಕೊಡುವುದು ಬಹುತೇಕ ಕಳೆದ ವರ್ಷದ ಪೆಟ್ರೋಲಿನಿಂದ. ಈಗಿನ ಎಥನಾಲ್ ಬೆರೆತ ಇಂಧನ ತೇವ ಹೀರುತ್ತದೆ, ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಮಳೆ ಮುಗಿದಾಗ ಟ್ಯಾಂಕ್ ಬರಿದು ಮಾಡಿಡಬೇಕು. ಹದಿನೈದು ದಿನಕ್ಕೊಮ್ಮೆ ಎಂಜಿನ್ನಿನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನೊಳಗಿಳಿಸಿ ಹತ್ತು ನಿಮಿಷ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ತಂಪು ಮಾಡುವ ಪಂಪಿನ ರಬ್ಬರ್ ಸುಟ್ಟುಹೋಗುತ್ತದೆ.

ದಡಕ್ಕೆ ತಂದವರನ್ನು ಹೆಗಲಮೇಲೆ ಹಾಕಿ ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇನ್ನೂ ನಿಂತಿಲ್ಲ. ಅದರಲ್ಲಿ ಕಳೆಯುವ ಪ್ರತಿ ನಿಮಿಷವೂ ನಷ್ಟ. ಉಸಿರಿಲ್ಲದಿದ್ದರೆ ಮೊದಲು ಐದು ಸಲ ಬಾಯಿಗೆ ಉಸಿರು ಕೊಟ್ಟು, ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು. ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ ಎರಡು ಅಂಗುಲದಷ್ಟು ಆಳ. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ಕಳಿಸಲೇಬೇಕು, ಶ್ವಾಸಕೋಶದ ತೊಂದರೆ ಗಂಟೆಗಳ ನಂತರವೂ ಕಾಣಿಸಿಕೊಳ್ಳುತ್ತದೆ.

ಇದನ್ನೆಲ್ಲ ಕಲಿಸುವುದು ಯಾವಾಗ? ಭಾನುವಾರದ ಕವಾಯತಿನಲ್ಲಿ ಸಾವಧಾನ್, ವಿಶ್ರಾಮ್ ಮುಗಿಯುವಷ್ಟರಲ್ಲಿ ಬಂದೋಬಸ್ತಿನ ಕರೆ ಬಂದಿರುತ್ತದೆ. ಗೃಹರಕ್ಷಕ ದಳ 1946ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದೇ ಗಲಭೆ ಹತ್ತಿಕ್ಕುವಲ್ಲಿ ಪೊಲೀಸರಿಗೆ ಹೆಗಲು ಕೊಡಲೆಂದು, ಆದ್ದರಿಂದ ಠಾಣೆ, ಜಾತ್ರೆ, ಚುನಾವಣೆಯ ಕೆಲಸದ ಬಗ್ಗೆ ತಕರಾರಿಲ್ಲ. ಆದರೆ ಈಜು ಬಲ್ಲವರು ಸಿಗ್ನಲ್ಲಿನಲ್ಲಿ, ಈಜು ಬಾರದವರು ಹೊಳೆದಂಡೆಯಲ್ಲಿ ನಿಲ್ಲುವುದು ಯಾವ ನ್ಯಾಯ? ಘಟಕದ ಹೆಸರಿನ ಪಟ್ಟಿಯಲ್ಲಿ ‘ಈಜು’, ‘ದೋಣಿ’, ‘ಪ್ರಥಮ ಚಿಕಿತ್ಸೆ’ ಎಂದು ಮೂರು ಕಲಂ ಸೇರಿಸಿದರೆ ಘಟಕಾಧಿಕಾರಿಗಳ ಕೆಲಸ ಅರ್ಧ ಹಗುರ. ಮೇ ತಿಂಗಳ ನಾಲ್ಕು ಭಾನುವಾರಗಳ ಕವಾಯತು ಹೊಳೆಬದಿಯಲ್ಲೇ ನಡೆಯಲಿ. ಪ್ರತಿಯೊಬ್ಬರೂ ಹತ್ತು ಮೀಟರ್ ದೂರದ ಗುರಿಗೆ ಹತ್ತರಲ್ಲಿ ಎಂಟು ಎಸೆತ ಮುಟ್ಟಿಸುವವರೆಗೆ ಘಟ್ಟಕ್ಕೆ ನೇಮಿಸುವುದು ಬೇಡ.

ಪೌರರಕ್ಷಣೆಯಲ್ಲೂ (ಸಿವಿಲ್ ಡಿಫೆನ್ಸ್) ತರಬೇತಿಯದು ಇದೇ ಕತೆ. 1968ರ ಕಾಯ್ದೆ ಯುದ್ಧವನ್ನು ನೆನೆದು ಬರೆದದ್ದು; 2009ರ ತಿದ್ದುಪಡಿ ಅದರೊಳಕ್ಕೆ ವಿಪತ್ತು ನಿರ್ವಹಣೆಯನ್ನೂ ತಂದಿತು. 2025ರ ಮೇ 7ರ ಅಣಕು ಪ್ರದರ್ಶನದಲ್ಲಿ ಸೈರನ್ ಕೇಳಿದ ಎಷ್ಟು ಮಂದಿಗೆ, ಏರಿಳಿಯುವ ಕೂಗು ಅಪಾಯದ್ದು, ಎರಡು ನಿಮಿಷದ ಒಂದೇ ಸಮನೆಯ ಕೂಗು ಅಪಾಯ ಕಳೆದದ್ದು ಎಂಬ ವ್ಯತ್ಯಾಸ ತಿಳಿದಿತ್ತು?

ದುಡ್ಡಿನ ಮಾತನ್ನೂ ಆಡಲೇಬೇಕು. ಗೃಹರಕ್ಷಕರನ್ನು ಕಾಯಂ ಮಾಡಲಾಗದು, ಆದರೆ 30 ದಿನ ದುಡಿದರೆ ಸಿಗುವ ಭತ್ಯೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಹೇಳಿತು. ‘ನಿಷ್ಕಾಮ ಸೇವೆ’ ದಳದ ಧ್ಯೇಯವಾಕ್ಯ, ನಿಜ. ಆದರೆ ಆ ದಿನದ ಕೂಲಿ ಬಿಟ್ಟು ಬಂದವರ ಮನೆಯಲ್ಲಿ ಅನ್ನ ಬೇಯಬೇಕಲ್ಲ.

ಜಿಲ್ಲಾಡಳಿತಕ್ಕೆ ನಮ್ಮ ವಿನಂತಿ ಸಣ್ಣದು. ಗೃಹರಕ್ಷಕರನ್ನು ಕೇಳಿ ಬರೆಯುವ ಬೇಡಿಕೆ ಪತ್ರದಲ್ಲಿ ಎಷ್ಟು ಜನ, ಎಷ್ಟು ದಿನ ಎಂಬುದರ ಕೆಳಗೆ ಇನ್ನೊಂದು ಸಾಲಿರಲಿ: ಹಗ್ಗದ ಚೀಲ ಎಷ್ಟು, ಲೈಫ್ ಜಾಕೆಟ್ ಎಷ್ಟು, ಯಾರ ಕೈಗೆ ಯಾವ ದಿನ ಕೊಟ್ಟದ್ದು. ಆ ಸಾಲು ಖಾಲಿಯಿದ್ದ ಪತ್ರವನ್ನು ದಳದ ಸಮಾದೇಷ್ಟರು (ಕಮಾಂಡೆಂಟ್) ಹಿಂದಿರುಗಿಸಲಿ.

ಇತಿ,
ನಿವೃತ್ತ ಗೃಹರಕ್ಷಕರ ಪರವಾಗಿ,
ಪುತ್ತೂರು ತಾಲ್ಲೂಕು